ಕಾಫಿ ಆಫೀಸಲ್ಲಿ ಹನಿಪಾಟ್: ಹೊರಗಡೆ ಇಟ್ಟಿದ್ದು, ಕಿತ್ತಿದ್ದು, ಆಮೇಲೆ ಒಳಗಡೆ ಇಟ್ಟಿದ್ದು

ಹ್ಯಾಕರ್‌ಗಳನ್ನ ಹಿಡಿಯೋಕೆ ಅಂತ ನಕಲಿ ಸರ್ವರ್, ಅಂದ್ರೆ ಹನಿಪಾಟ್, ಇಡೋ ಪ್ಲಾನ್ ಯಾರಿಗಾದ್ರೂ ಇದ್ರೆ ಮೊದ್ಲು ಇದನ್ನ ಓದ್ಕೊಂಡು ಆಮೇಲೆ ಇಡಿ. ಚಿಕ್ಕಮಗಳೂರಲ್ಲಿ ಒಬ್ರು ಕಾಫಿ ವ್ಯಾಪಾರಿ ಆಫೀಸಿನ ನೆಟ್‌ವರ್ಕ್ ನಾನು ನೋಡ್ಕೋತೀನಿ, ಹನುಮಂತಪ್ಪ ಸರ್ಕಲ್‌ಗೆ ನಡ್ಕೊಂಡ್ ಹೋಗೋ ದೂರ. ಐದು ಕಂಪ್ಯೂಟರ್, ಅದ್ರಲ್ಲೊಂದು ಬರೀ ಟ್ಯಾಲಿಗೆ, ಎಲ್ರೂ ಫೈಲ್ ಇಡೋ ಡಬ್ಬ ಒಂದು, ಅಂದ್ರೆ ನಾಸ್, ಗೋಡೌನ್ ಕ್ಯಾಮೆರಾ ರೆಕಾರ್ಡ್ ಮಾಡೋ 8 ಚಾನೆಲ್ ಡಿವಿಆರ್, ಅಷ್ಟೆ. ಸಾವ್ಕಾರ್ರು ಆಲ್ದೂರು ಕಡೆ ತೋಟದಲ್ಲಿರುವಾಗ ಫೋನಲ್ಲಿ ಗೋಡೌನ್ ನೋಡ್ಬೇಕು ಅಂತ ಕ್ಯಾಮೆರಾ ಹಾಕ್ದೋರು ರೂಟರಲ್ಲಿ ಪೋರ್ಟ್ (ಹೊರಗಿನಿಂದ ಬರೋಕೆ ನಂಬರ್ ಇರೋ ಬಾಗ್ಲು) ತೆಗೆದಿಟ್ಟು ಹೋಗಿದ್ರು, ಅದು ವರ್ಷಗಟ್ಲೆ ಹಾಗೇ ಇತ್ತು.

ಒಂದ್ಸಲ ರೂಟರ್ ಲಾಗ್ ಆನ್ ಮಾಡಿ ನೋಡಿದ್ರೆ 22, 23, 2323, 8080 ಪೋರ್ಟುಗಳನ್ನ ಹೊರಗಿನಿಂದ ಯಾರೋ ನಿಲ್ಲದೇ ಬಡೀತಾನೇ ಇದ್ದಾರೆ. 22 ಅಂದ್ರೆ ಎಸ್‌ಎಸ್‌ಎಚ್, ದೂರದಿಂದ ಮೆಷಿನಿಗೆ ಲಾಗಿನ್ ಆಗೋ ದಾರಿ. 23 ಮತ್ತೆ 2323 ಅಂದ್ರೆ ಟೆಲ್ನೆಟ್, ಅದೇ ಕೆಲಸದ ಹಳೇ ದಾರಿ, 2016ರಲ್ಲಿ ಮಿರಾಯ್ ಬಾಟ್‌ನೆಟ್ (ವೈರಸ್ ಹಿಡಿದ ಮೆಷಿನುಗಳ ಪಡೆ) ಡಿವಿಆರು ಕ್ಯಾಮೆರಾಗಳನ್ನ ಫ್ಯಾಕ್ಟರಿ ಪಾಸ್‌ವರ್ಡ್ ಹಾಕಿ ಹಿಡ್ಕೊಂಡಿದ್ದು ಇದೇ ದಾರೀಲಿ, ಅದ್ರ ಸೋರ್ಸ್ ಕೋಡ್ ಬಹಿರಂಗ ಆದ್ಮೇಲೆ ಅದ್ರ ಮರಿ ಮೊಮ್ಮಕ್ಳು ಇವತ್ತಿಗೂ ಸುತ್ತಾಡ್ತಿವೆ. ಯಾರು ಬರ್ತಾರೆ, ಬಂದು ಏನ್ ಮಾಡ್ತಾರೆ ನೋಡೇಬಿಡೋಣ ಅಂತ ಕೆಲಸ ಶುರು.

ಹಂತ 1: ಸಾಮಾನು

ರಾಸ್‌ಬೆರಿ ಪೈ 3ಬಿ ಪ್ಲಸ್, ಅಂಗೈಯಗಲದ ಕಂಪ್ಯೂಟರ್, ಡ್ರಾಯರಲ್ಲಿ ಬಿದ್ದಿತ್ತು. 32 ಜಿಬಿ ಕಾರ್ಡು ಹಳೇದು. ಸ್ಟ್ಯಾಟಿಕ್ ಐಪಿಗೆ (ಬದಲಾಗದ ಇಂಟರ್‌ನೆಟ್ ಅಡ್ರೆಸ್) ವರ್ಷಕ್ಕೆ 3,000 ಚಿಲ್ಲರೆ. ಇದು ಯಾಕೆ ಬೇಕಾಯ್ತು ಅಂದ್ರೆ ಸಾಮಾನ್ಯ ಫೈಬರ್ ಕನೆಕ್ಷನಲ್ಲಿ ತುಂಬಾ ಕಡೆ ನಮಗೆ ಸ್ವಂತ ಪಬ್ಲಿಕ್ ಐಪಿ ಇರಲ್ಲ, ರೂಟರಿನ ವ್ಯಾನ್ (ಹೊರಗಿನ ಕಡೆಯ) ಅಡ್ರೆಸ್ 100.64ರಿಂದ 100.127ರ ಒಳಗೆ ಇದ್ರೆ ನೀವು ಸಿಜಿನ್ಯಾಟ್ (ಒಂದೇ ಪಬ್ಲಿಕ್ ಐಪಿಯನ್ನ ತುಂಬಾ ಜನಕ್ಕೆ ಹಂಚೋದು) ಹಿಂದೆ ಇದ್ದೀರ ಅಂತ ಅರ್ಥ, ಎಷ್ಟು ಪೋರ್ಟ್ ಫಾರ್ವರ್ಡ್ ಹಾಕಿದ್ರೂ ಹೊರಗಿನಿಂದ ಒಂದು ನೊಣಾನೂ ಬರಲ್ಲ. ಇಲ್ಲಿ ಡಿವಿಆರ್ ಸಲುವಾಗಿ ಸ್ಟ್ಯಾಟಿಕ್ ಐಪಿ ಮೊದ್ಲೇ ತಗೊಂಡಿದ್ರು. ಅಂದ್ರೆ ಹನಿಪಾಟು, ಆಫೀಸು, ಟ್ಯಾಲಿ, ಎಲ್ಲಾ ಹೊರಗಡೆಗೆ ಒಂದೇ ಐಪಿ. ಈ ಸಾಲು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹಂತ 2: ಕೌರಿ ಹಾಕಿದ್ದು

ಕೌರಿ ಅನ್ನೋದು ಪೈಥಾನಲ್ಲಿ ಬರೆದ ಎಸ್‌ಎಸ್‌ಎಚ್ ಮತ್ತೆ ಟೆಲ್ನೆಟ್ ಹನಿಪಾಟ್, ಮೊದ್ಲು ಕಿಪ್ಪೋ ಅಂತ ಇತ್ತು, ಅದ್ರಿಂದ ಕವಲೊಡೆದು ಬಂದಿದ್ದು. ಒಳಗೆ ಬಂದೋನಿಗೆ ಒಂದು ಸುಳ್ಳು ಲಿನಕ್ಸ್ ತೋರಿಸುತ್ತೆ, ಅವನು ಟೈಪ್ ಮಾಡಿದ್ದೆಲ್ಲಾ ಲಾಗ್ ಮಾಡುತ್ತೆ. ಪ್ರತ್ಯೇಕ ಯೂಸರ್ ಮಾಡಿ, ವರ್ಚುಯಲ್ ಎನ್ವಿರಾನ್ಮೆಂಟ್ ಮಾಡಿ ಹಾಕೋದು, ರೂಟ್ (ಎಲ್ಲಾ ಅಧಿಕಾರ ಇರೋ) ಯೂಸರಲ್ಲಿ ಓಡಿಸ್ಬೇಡಿ. ಅದು ಕೇಳೋದು ಎಸ್‌ಎಸ್‌ಎಚ್‌ಗೆ 2222, ಟೆಲ್ನೆಟ್‌ಗೆ 2223 ಪೋರ್ಟಲ್ಲಿ, ಹಾಗಾಗಿ 22ಕ್ಕೆ ಬಂದಿದ್ದನ್ನ ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸಲ್ಲಿ 2222ಕ್ಕೆ, 23ಕ್ಕೆ ಬಂದಿದ್ದನ್ನ 2223ಕ್ಕೆ ತಿರುಗಿಸ್ಬೇಕು.

ಇಲ್ಲಿ ಒಂದು ಕ್ರಮ ಇದೆ: ಮೊದ್ಲು ನಿಮ್ಮ ಅಸಲಿ ಎಸ್‌ಎಸ್‌ಎಚ್‌ನ ಬೇರೆ ಪೋರ್ಟಿಗೆ ಕಳಿಸಿ, ಆಮೇಲೆ ತಿರುಗಿಸೋ ರೂಲ್ ಹಾಕಿ. ನಾನು ಉಲ್ಟಾ ಮಾಡಿದ್ದೆ. ಪುಟ್ಟಿ (ಎಸ್‌ಎಸ್‌ಎಚ್ ಪ್ರೋಗ್ರಾಂ) ತೆಗೆದು ಪೈಗೆ ಹೋದ್ರೆ ಹೋಸ್ಟ್ ಕೀ, ಅಂದ್ರೆ ಸರ್ವರಿನ ಗುರುತು, ಬದಲಾಗಿದೆ ಅಂತ ವಾರ್ನಿಂಗು, ಓಕೆ ಒತ್ತಿದೆ, ನನ್ನ ಯೂಸರ್‌ಗೆ ಪಾಸ್‌ವರ್ಡ್ ತಪ್ಪು ಅಂತು, ಮತ್ತೆ ಕೊಟ್ಟೆ, ಮತ್ತೆ ತಪ್ಪು, ರೂಟ್ ಅಂತ ಕೊಟ್ಟು ಅದೇ ಪಾಸ್‌ವರ್ಡ್ ಹಾಕ್ದೆ, ಒಳಗ್ ಬಿಟ್ಕೊಂತು. ನೋಡಿದ್ರೆ ಹೋಸ್ಟ್‌ನೇಮ್ ಎಸ್‌ವಿಆರ್04 ಅಂತಿದೆ. ಅದು ಕೌರಿಯ ಡೀಫಾಲ್ಟ್ ಹೆಸರು! ನಾನೇ ನನ್ನ ಬಲೇಲಿ ಕೂತಿದ್ದೆ, ನನ್ನ ಅಸಲಿ ಪಾಸ್‌ವರ್ಡ್ ಅದ್ರ ಜೇಸನ್ ಲಾಗಲ್ಲಿ ಬಿಚ್ಚುಬಿಚ್ಚಾಗಿ ಬಿದ್ದಿತ್ತು. ಮಾನಿಟರ್ ಕೀಬೋರ್ಡ್ ಹಚ್ಚಿ ಸರಿ ಮಾಡಿ ಪಾಸ್‌ವರ್ಡ್ ಬದಲಾಯಿಸಿದೆ.

ಡೀಫಾಲ್ಟ್ ಬಗ್ಗೆ ಬಂದಿದ್ದಕ್ಕೆ ಹೇಳ್ತೀನಿ, ಎಸ್‌ವಿಆರ್04 ಹೆಸರು, ಸುಳ್ಳು ಫೈಲ್ ಸಿಸ್ಟಮಲ್ಲಿರೋ ಫಿಲ್ ಅನ್ನೋ ಯೂಸರು, ಇವೆರಡನ್ನೂ ಬದಲಾಯಿಸದೆ ಹಾಗೇ ಬಿಟ್ರೆ ಬಂದೋನು ಒಂದೇ ಕಮಾಂಡಲ್ಲಿ ಇದು ಕೌರಿ ಅಂತ ಕಂಡುಹಿಡೀತಾನೆ. ಕೆಲವ್ರು ಬೇಕಂತಾನೇ ಪಾಸ್‌ವರ್ಡ್ ಜಾಗದಲ್ಲಿ ಹನಿಪಾಟ್ ಅಂತಾನೇ ಬರೆದು ಟೆಸ್ಟ್ ಮಾಡ್ತಾರೆ, ಯಾವ ಪಾಸ್‌ವರ್ಡ್ ಕೊಟ್ರೂ ಬಾಗ್ಲು ತೆಗೆಯೋ ಸರ್ವರ್ ಅಸಲಿ ಅಲ್ಲ ಅಂತ ಗೊತ್ತಾಗ್ಲಿ ಅಂತ. ಕೌರಿಯ ಮಾದರಿ ಯೂಸರ್ ಲಿಸ್ಟಲ್ಲಿ ಆ ಪದಕ್ಕೆ ನೋ ಅನ್ನೋ ಸಾಲು ಇದೆ, ಅಳಿಸ್ಬೇಡಿ. ಸಿಕ್ಕಿಬಿದ್ದ ಹನಿಪಾಟ್ ಸುಮ್ನೆ ವೇಸ್ಟ್ ಆದ್ರೆ ಪರ್ವಾಗಿಲ್ಲ, ಆದ್ರೆ ಇದು ಬಲೆ ಅಂತ ಗೊತ್ತಾದೋನು ಬೇಕಂತ ಕಸ ತುಂಬಬಹುದು, ನೀವು ಆ ಕಸ ನೋಡ್ಕೊಂಡು ತಲೆ ಕೆಡಿಸ್ಕೋತಾ ಕೂರ್ತೀರ.

ಹಂತ 3: ಪೋರ್ಟ್ ತೆಗೆದಿದ್ದು

ಸಂಜೆ ಹೊರಗಿನ 22 ಮತ್ತೆ 23 ಪೈ ಕಡೆ ಬಿಟ್ಟೆ. ಟೀ ಕುಡಿದು ಬರೋವಷ್ಟರಲ್ಲಿ ಲಾಗಿನ್ನು ಶುರು. ರೂಟ್ ಮತ್ತೆ 123456, ಅಡ್ಮಿನ್ ಮತ್ತೆ ಅಡ್ಮಿನ್, ಹಿಂಗೇ ಸಾಲುಸಾಲು. ಒಳಗೆ ಬಂದೋರು ಮಾಡೋದು ಹೆಚ್ಚುಕಮ್ಮಿ ಒಂದೇ: ಯಾವ ಪ್ರೊಸೆಸರು, ಎಷ್ಟು ಕೋರು, ಎಷ್ಟು ಮೆಮೊರಿ ಅಂತ ಕೇಳ್ತಾರೆ, ಅಂದ್ರೆ ಕ್ರಿಪ್ಟೋ ಮೈನಿಂಗಿಗೆ ಆಗುತ್ತಾ ಅಂತ ಲೆಕ್ಕ, ಆಮೇಲೆ ಡಬ್ಲ್ಯುಗೆಟ್ ಅನ್ನೋ ಡೌನ್‌ಲೋಡ್ ಕಮಾಂಡಲ್ಲಿ ಒಂದು ಫೈಲ್ ಇಳಿಸಿ ಓಡ್ಸಕ್ಕೆ ನೋಡ್ತಾರೆ. ಮನುಷ್ಯ ಕೂತ್ಕೊಂಡು ಟೈಪ್ ಮಾಡಿದ್ದು ಅಂತ ಅನ್ಸಿದ್ದು ಬಹಳ ಅಪರೂಪ, ಎಲ್ಲಾ ಸ್ಕ್ರಿಪ್ಟು. ಇನ್ನೊಂದು ಜಾತಿ ಕಮಾಂಡನ್ನೇ ಕೊಡಲ್ಲ, ಎಸ್‌ಎಸ್‌ಎಚ್ ಒಳಗಿಂದ ಬೇರೆ ಸೈಟಿಗೆ, ಮೇಲ್ ಸರ್ವರ್‌ನ 25ನೇ ಪೋರ್ಟಿಗೆ ದಾರಿ ಕೇಳುತ್ತೆ, ನಮ್ಮ ಲೈನಿಂದ ಸ್ಪ್ಯಾಮ್ ಕಳ್ಸಕ್ಕೆ. ಕೌರಿ ಹೂಂ ಅಂತ ಹೇಳಿ ಎಲ್ಲಿಗೂ ಕಳಿಸಲ್ಲ, ಡೀಫಾಲ್ಟ್ ಹಾಗೇ ಇದೆ, ಅದನ್ನ ಮುಟ್ಟಬೇಡಿ.

ಆದ್ರೆ ಡಬ್ಲ್ಯುಗೆಟ್ ವಿಷಯ ಹಾಗಲ್ಲ. ಕೌರಿಯ ಸುಳ್ಳು ಡಬ್ಲ್ಯುಗೆಟ್ ಅಸಲಿಯಾಗೇ ಹೋಗಿ ಫೈಲ್ ತರುತ್ತೆ, ಮಾಲ್ವೇರ್ (ವೈರಸ್ ಥರದ ಕೆಟ್ಟ ಪ್ರೋಗ್ರಾಂ) ಸ್ಯಾಂಪಲ್ ಸಿಗ್ಲಿ ಅಂತ. ಅಂದ್ರೆ ಗುರುತಿಲ್ಲದೋನು ಹೇಳಿದ ಅಡ್ರೆಸ್‌ಗೆಲ್ಲಾ ನಮ್ಮ ಆಫೀಸಿನ ಐಪಿಯಿಂದ ರಿಕ್ವೆಸ್ಟ್ ಹೋಗ್ತಿದೆ. ಇದು ನನ್ನ ಗಮನಕ್ಕೆ ಬಂದಿದ್ದು ಡೌನ್‌ಲೋಡ್ ಫೋಲ್ಡರ್ ತುಂಬಿದ್ಮೇಲೆ. ಆ ಫೋಲ್ಡರನ್ನ ನೋಡೋಕೆ ಸುಲಭ ಆಗ್ಲಿ ಅಂತ ವಿಂಡೋಸ್ ಮೆಷಿನ್‌ಗೆ ಕಾಪಿ ಹೊಡೆದ್ರೆ ಅದ್ರ ಆಂಟಿವೈರಸ್ ಡಿಫೆಂಡರ್ ಕಿರುಚ್ಕೊಂಡು ಎಲ್ಲಾನೂ ನುಂಗ್ತು. ಒಳ್ಳೇದೇ ಆಯ್ತು ಅನ್ನಿ, ಟ್ಯಾಲಿ ಇರೋ ನೆಟ್‌ವರ್ಕಲ್ಲಿ ಮಾಲ್ವೇರ್ ಸಂಗ್ರಹ ಯಾಕೆ ಬೇಕಿತ್ತು.

ಇನ್ನೂ ಮುಖ್ಯ ವಿಷ್ಯ, ಇಷ್ಟು ಹೊತ್ತೂ ಪೈ ಇದ್ದಿದ್ದು ಆಫೀಸಿನ ಅದೇ ಸ್ವಿಚ್ಚಲ್ಲಿ. ಕೌರಿಯಲ್ಲಿ ಒಂದು ತೂತು ಇದ್ದಿದ್ರೆ ಮುಂದಿನ ಬಾಗ್ಲು ನಾಸ್. ಅವತ್ತೇ ಪೋರ್ಟ್ ಮುಚ್ಚಿ ಬೇಲಿ ಹಾಕೋ ಕೆಲಸಕ್ಕೆ ಇಳಿದೆ.

ಹಂತ 4: ಬೇಲಿ

ಮೈಕ್ರೋಟಿಕ್ ಹೆಕ್ಸ್ ರೂಟರ್ ಸುಮಾರು 5,500. ವಿಲ್ಯಾನ್ (ಒಂದೇ ನೆಟ್‌ವರ್ಕನ್ನ ಬೇರೆಬೇರೆ ಕೋಣೆ ಮಾಡೋದು) ಹಾಕೋಕೆ ಆಗೋ 8 ಪೋರ್ಟ್ ಸ್ವಿಚ್ಚು ಸುಮಾರು 2,800. ಆಫೀಸ್ ಒಂದು ವಿಲ್ಯಾನು, ಡಿವಿಆರ್ ಒಂದು, ಹನಿಪಾಟ್ ಒಂದು. ರೂಲ್ ಸರಳ: ಹನಿಪಾಟಿಂದ ಆಫೀಸಿಗೆ ಡ್ರಾಪ್, ಹನಿಪಾಟಿಂದ ಡಿವಿಆರ್‌ಗೆ ಡ್ರಾಪ್, ಹೊರಗಡೆಗೆ ಡಿಎನ್‌ಎಸ್ (ಸೈಟಿನ ಹೆಸರಿಂದ ಐಪಿ ಹುಡುಕೋದು), ಟೈಮ್, ವೆಬ್‌ಸೈಟಿನ ಪೋರ್ಟುಗಳಾದ 80 ಮತ್ತೆ 443 ಮಾತ್ರ.

ಬರೆದ್ಮೇಲೆ ಹನಿಪಾಟ್ ಒಳಗೆ ಕೂತು ಆಫೀಸ್ ಕಡೆ ಎನ್‌ಮ್ಯಾಪ್ (ತೆರೆದ ಪೋರ್ಟ್ ಹುಡುಕೋ ಪ್ರೋಗ್ರಾಂ) ಹೊಡೆದೆ, ಏನೂ ಕಾಣ್ಲಿಲ್ಲ, ಖುಷಿಯಾಯ್ತು. ಆಮೇಲೆ ಸುಮ್ನೆ ಗೇಟ್‌ವೇ ಅಡ್ರೆಸ್‌ಗೇ ಹೊಡೆದೆ. ರೂಟರಿನ 8291 ತೆರೆದೇ ಇದೆ, ಅಂದ್ರೆ ವಿನ್‌ಬಾಕ್ಸ್, ರೂಟರಿನ ಅಡ್ಮಿನ್ ಬಾಗ್ಲೇ ಅದು. ಕಾರಣ ಏನಪ್ಪಾ ಅಂದ್ರೆ ನಾನು ಹಾಕಿದ್ದೆಲ್ಲಾ ಫಾರ್ವರ್ಡ್ ಚೈನಿನ ರೂಲು, ಅದು ರೂಟರ್ ದಾಟಿ ಹೋಗೋ ಟ್ರಾಫಿಕ್ಕಿಗೆ ಮಾತ್ರ, ರೂಟರ್‌ಗೇ ಬರೋದು ಇನ್‌ಪುಟ್ ಚೈನು, ಅದಕ್ಕೆ ಬೇರೆ ರೂಲ್ ಬೇಕು. ಬೇಲಿ ಹಾಕಿದೋನು ಗೇಟಿನ ಬೀಗ ಮರೆತಂಗಾಯ್ತು. ಹನಿಪಾಟ್ ವಿಲ್ಯಾನಿಂದ ರೂಟರ್‌ಗೆ ಡಿಎನ್‌ಎಸ್ ಒಂದು ಬಿಟ್ಟು ಎಲ್ಲಾ ಡ್ರಾಪ್ ಮಾಡಿದೆ.

ಇನ್ನೊಂದು ಐಪಿವಿ6, ಐಪಿ ಅಡ್ರೆಸ್ಸಿನ ಹೊಸ ಥರ. ಪ್ರೊವೈಡರ್ ಕಡೆಯಿಂದ ವಿ6 ಬರ್ತಿತ್ತು, ಪೈ ತಾನೇ ಒಂದು ಅಡ್ರೆಸ್ ತಗೊಂಡಿತ್ತು, ನಾನು ಬರೆದ ಫೈರ್‌ವಾಲ್ ಬರೀ ಹಳೇ ಥರದ ವಿ4ಗೆ, ವಿ6 ಪೂರ್ತಿ ಬಯಲು. ಆ ವಿಲ್ಯಾನಲ್ಲಿ ವಿ6 ಆಫ್. ನೀವು ಇದನ್ನ ಡಾಕರಲ್ಲಿ (ಪ್ರೋಗ್ರಾಂಗಳನ್ನ ಪ್ರತ್ಯೇಕ ಡಬ್ಬದಲ್ಲಿ ಓಡಿಸೋ ಸಾಫ್ಟ್‌ವೇರ್) ಓಡಿಸೋದಾದ್ರೆ ಇದೂ ನೋಡ್ಕೊಳ್ಳಿ, ಡಾಕರ್ ಹೊರಗೆ ಬಿಡೋ ಪೋರ್ಟುಗಳು ಲಿನಕ್ಸ್ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯು ರೂಲ್‌ನ ಲೆಕ್ಕಕ್ಕೇ ತಗೊಳ್ಳಲ್ಲ, ಯುಎಫ್‌ಡಬ್ಲ್ಯು ಮುಚ್ಚಿದೆ ಅಂತ ತೋರಿಸ್ತಿದ್ರೂ ಬಾಗ್ಲು ತೆಗೆದೇ ಇರುತ್ತೆ.

ಲಾಗನ್ನ ಪೈನಲ್ಲೇ ಇಡೋದು ಬಿಟ್ಟು, ಲಾಗ್ ಕಳಿಸೋ ಪ್ರೋಗ್ರಾಂ ಆರ್‌ಸಿಸ್‌ಲಾಗಲ್ಲಿ ಇನ್ನೊಂದು ಡಬ್ಬಕ್ಕೆ ಕಳಿಸ್ದೆ. ಎರಡು ಕಾರಣ. ಒಳಗೆ ಬಂದೋನ ಕೈಯಲ್ಲಿರೋ ಮೆಷಿನಿನ ಲಾಗ್ ನಂಬೋ ಹಾಗಿಲ್ಲ, ಅಳಿಸಬಹುದು. ಇನ್ನೊಂದು ನಮ್ಮೂರ ಮಳೆ. ಜುಲೈಯಲ್ಲಿ ಕರೆಂಟು ಹೋಗಿ ಬಂದು ಹೋಗಿ ಬಂದು 32 ಜಿಬಿ ಕಾರ್ಡ್ ಸತ್ತೇಹೋಯ್ತು, ಹಗಲು ರಾತ್ರಿ ಲಾಗ್ ಬರೀತಿದ್ರೆ ಕಾರ್ಡ್ ಬಾಳಲ್ಲ. ಹೊಸ ಕಾರ್ಡು 600, ರೂಟರಿಗೂ ಪೈಗೂ ಚಿಕ್ಕ ಯುಪಿಎಸ್ 1,500.

ಹಂತ 5: ಹಳೇ ಲ್ಯಾಪ್‌ಟಾಪ್, ಆಮೇಲೆ ಬಂದ ಫೋನು

ಬೇಲಿ ಗಟ್ಟಿಯಾಯ್ತು ಅನ್ನೋ ಧೈರ್ಯದ ಮೇಲೆ ಸುಳ್ಳು ಲಿನಕ್ಸ್ ಸಾಕು, ಅಸಲಿ ಲಿನಕ್ಸೇ ಇಡೋಣ ಅನ್ನಿಸ್ತು. ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿ, ರೂಟ್ ಲಾಗಿನ್ ಬಿಟ್ಟು, ದುರ್ಬಲ ಪಾಸ್‌ವರ್ಡ್ ಇಟ್ಟು ಅದೇ ವಿಲ್ಯಾನಿಗೆ ಸೇರಿಸಿ, ಮುಚ್ಚಿದ್ದ ಹೊರಗಿನ ಪೋರ್ಟ್ ಮತ್ತೆ ತೆಗೆದೆ. ಕೌರಿಯಲ್ಲಿ ಫೈಲ್ ಬಂದ್ರೂ ಓಡಲ್ಲ, ಇಲ್ಲಿ ಓಡುತ್ತೆ. ವ್ಯತ್ಯಾಸ ಅಷ್ಟೇ, ಆದ್ರೆ ಅದೇ ಎಲ್ಲಾ. ಬೆಳಗ್ಗೆ ನೋಡಿದ್ರೆ ಫ್ಯಾನ್ ಕಿರ್‌ರ್ ಅಂತಿದೆ, ಪ್ರೊಸೆಸರ್ ನೂರಕ್ಕೆ ನೂರು. ಮೈನರ್ ಕೂತಿದೆ ಅಂತ ಖುಷೀಲಿ ಇನ್ನೂ ಸ್ವಲ್ಪ ನೋಡೋಣ ಅಂತ ಹಾಗೇ ಬಿಟ್ಟೆ.

ಆಮೇಲೆ ಬಂದಿದ್ದು ಪ್ರೊವೈಡರ್ ಫೋನು, ನಿಮ್ಮ ಲೈನಿಂದ ಯಾರ್ಯಾರದ್ದೋ ವರ್ಡ್‌ಪ್ರೆಸ್ ಸೈಟಿನ ಲಾಗಿನ್ ಪೇಜಿಗೆ ಬಡೀತಿದ್ದಾರೆ ಅಂತ ದೂರು ಬಂದಿದೆ ಸಾರ್, ನಿಲ್ಲಿಸ್ಲಿಲ್ಲ ಅಂದ್ರೆ ಕನೆಕ್ಷನ್ ಕಟ್. ಅದು ಹೋಗಿದ್ದು 443ರಲ್ಲಿ. ಸ್ಯಾಂಪಲ್ ಇಳೀಲಿ ಅಂತ ನಾನೇ ಬಿಟ್ಟಿದ್ದ ಪೋರ್ಟು. ಲ್ಯಾಪ್‌ಟಾಪ್ ವೈರ್ ಕಿತ್ತೆ, ಆದ್ರೆ ಕತೆ ಮುಗೀಲಿಲ್ಲ. ಆಫೀಸಲ್ಲಿ ಯಾವ ಸೈಟಿಗೆ ಹೋದ್ರೂ ನೀವು ಮನುಷ್ಯರಾ ಅಂತ ಕೇಳೋಕೆ ಶುರುವಾಯ್ತು, ಬಸ್ಸಿನ ಫೋಟೋ ಟ್ರಾಫಿಕ್ ಲೈಟಿನ ಫೋಟೋ ಒತ್ತಿ ಒತ್ತಿ ಅಕೌಂಟೆಂಟ್ ಮೇಡಂ ಸುಸ್ತು. ಅದಕ್ಕಿಂತ ದೊಡ್ಡದು, ಮೇಲ್ ಹೋಗ್ತಿಲ್ಲ. ಮೇಲ್ ಇರೋ ಹೋಸ್ಟಿಂಗ್ ಸರ್ವರು ನಮ್ಮ ಐಪಿ ಬ್ಲಾಕ್‌ಲಿಸ್ಟಲ್ಲಿದೆ ಅಂತ ಕನೆಕ್ಷನ್ನೇ ತಗೋತಿಲ್ಲ. ಇಂಥ ಬ್ಲಾಕ್‌ಲಿಸ್ಟ್ ಇಡೋ ಸ್ಪ್ಯಾಮ್‌ಹೌಸಲ್ಲಿ ನೋಡಿದ್ರೆ ಎಕ್ಸ್‌ಬಿಎಲ್ ಪಟ್ಟೀಲಿ ನಾವಿದ್ದೀವಿ, ಅದು ವೈರಸ್ ಹಿಡಿದ ಮೆಷಿನುಗಳ ಪಟ್ಟಿ. ಖರೀದಿದಾರರಿಗೆ ಸ್ಯಾಂಪಲ್ ರಿಪೋರ್ಟು, ರೇಟು ಹೋಗ್ಬೇಕಾದ ಹೊತ್ತು, ಕಾಫಿ ರೇಟು ಬೆಳಗ್ಗೆ ಇದ್ದಿದ್ದು ಸಂಜೆಗೆ ಇರಲ್ಲ. ಫೋನ್ ಹಾಟ್‌ಸ್ಪಾಟಲ್ಲಿ ಮೇಲ್ ಕಳಿಸಿ ದಿನ ತಳ್ಳಿದ್ರು. ಪಟ್ಟಿಯಿಂದ ತೆಗೆಸೋ ಫಾರ್ಮ್ ತುಂಬಿದೆ, ತೆಗೆದ್ರು, ಆದ್ರೆ ಆ ಫೋಟೋ ಒತ್ತೋ ಕ್ಯಾಪ್ಚಾ ಕಾಟ ನಿಧಾನಕ್ಕೇ ಇಳೀತು.

ಬಡಿತದ ದೂರು ಇರ್ಲಿ, ಆ ಪಟ್ಟಿಗೆ ಬೀಳೋಕೆ ಬಡೀಲೇಬೇಕು ಅಂತೇನಿಲ್ಲ. ಬಾಟುಗಳು ಮಾತಾಡೋ ಡೊಮೇನುಗಳನ್ನ ಭದ್ರತೆಯೋರು ವಶಕ್ಕೆ ತಗೊಂಡು ಸಿಂಕ್‌ಹೋಲ್ ಮಾಡಿರ್ತಾರೆ, ಅಲ್ಲಿಗೆ ಯಾವ ಐಪಿ ಬಂದು ಬಾಗ್ಲು ತಟ್ತೋ ಅದು ಸೋಂಕಿತ ಅಂತ ದಾಖಲಾಗುತ್ತೆ. ಹನಿಪಾಟ್‌ಗೂ ಅಸಲಿ ಬಾಟ್‌ಗೂ ಅವ್ರ ಕಡೆಯಿಂದ ಏನೂ ವ್ಯತ್ಯಾಸ ಕಾಣಲ್ಲ, ಕಾಣ್ಬೇಕು ಅಂತಾನೂ ಇಲ್ಲ. ಅದಕ್ಕೇ ಹೇಳಿದ್ದು, ಒಂದೇ ಐಪಿ ಅನ್ನೋ ಸಾಲು ನೆನಪಿಟ್ಕೊಳ್ಳಿ ಅಂತ. ವಿಲ್ಯಾನು ಫೈರ್‌ವಾಲು ಆಫೀಸಿನ ಫೈಲುಗಳನ್ನ ಕಾಪಾಡ್ತು, ಆಫೀಸಿನ ಹೆಸರನ್ನ ಕಾಪಾಡ್ಲಿಲ್ಲ. ಹೊರಗಿನ ಹನಿಪಾಟ್ ಇಡ್ಲೇಬೇಕು ಅಂದ್ರೆ ಅದಕ್ಕೆ ಬೇರೆ ಲೈನು, ಬೇರೆ ಐಪಿ, ಮತ್ತೆ ಹೊರಹೋಗೋದು ಸೊನ್ನೆ. ಸ್ಯಾಂಪಲ್ ಸಿಗಲ್ಲ ಅಂತೀರಾ, ಸಿಗದಿದ್ರೆ ಬೇಡ.

ಸಾವ್ಕಾರ್ರು ಕೇಳಿದ್ದು ಬೇರೇನೇ. ಅವನ ಐಪಿ ಸಿಕ್ಕಿದೆಯಲ್ಲಾ, ನೀನೇ ಅವನ ಕಂಪ್ಯೂಟರಿಗೆ ನುಗ್ಗಿ ಒಂದು ಪಾಠ ಕಲಿಸೋಕಾಗಲ್ವಾ ಅಂತ. ಆಗಲ್ಲ. ಅನುಮತಿ ಇಲ್ದೆ ಇನ್ನೊಬ್ರ ಕಂಪ್ಯೂಟರಿಗೆ ಹೋದ್ರೆ ಐಟಿ ಕಾಯ್ದೆ 2000ರ 43 ಮತ್ತೆ 66ನೇ ಸೆಕ್ಷನ್ ನನ್ನ ಮೇಲೇ ಬೀಳುತ್ತೆ, ಮೂರು ವರ್ಷದವರೆಗೆ ಜೈಲು ಇಲ್ಲಾ ಐದು ಲಕ್ಷದವರೆಗೆ ದಂಡ ಇಲ್ಲಾ ಎರಡೂ, ಅವನು ಮೊದ್ಲು ಬಂದ ಅನ್ನೋದು ಅಲ್ಲಿ ನಡೆಯಲ್ಲ. ಅಲ್ದೆ ಆ ಐಪಿ ಇನ್ಯಾವುದೋ ಊರಲ್ಲಿ ಹಿಂಗೇ ಪೋರ್ಟ್ ತೆಗೆದಿಟ್ಟ ಇನ್ಯಾರದ್ದೋ ಡಿವಿಆರ್ ಆಗಿರುತ್ತೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲಲ್ಲಿ ಕೊಟ್ಟ ನಿರ್ದೇಶನವೂ ಇದೆ, ಅದ್ರಲ್ಲಿ ಪಟ್ಟಿ ಮಾಡಿರೋ ಥರದ ಘಟನೆ ಗಮನಕ್ಕೆ ಬಂದ 6 ಗಂಟೇಲಿ ತಿಳಿಸ್ಬೇಕು, ಲಾಗ್ 180 ದಿನ ಇಟ್ಕೋಬೇಕು. ನಾನೇ ಕರೆದು ಕೂರಿಸಿದ ಕಳ್ಳನ ಬಗ್ಗೆ ವರದಿ ಬರೆಯೋದು ಹೆಂಗೆ ಅಂತ ಕೂತು ಯೋಚಿಸಿದ್ರೆ ನಗು ಬರುತ್ತೆ, ಆದ್ರೆ ಲಾಗ್ ಅಳಿಸ್ಲಿಲ್ಲ, ಪೆನ್‌ಡ್ರೈವಲ್ಲಿ ಇಟ್ಟಿದ್ದೀನಿ.

ಹೊರಗಿನ 22, 23 ಅವತ್ತಿಂದ ಬಂದ್. ಲ್ಯಾಪ್‌ಟಾಪ್ ಡಿಸ್ಕ್ ಪೂರ್ತಿ ಅಳಿಸಿ ಮೂಲೆಗೆ.

ಹಂತ 6: ಅದೇ ಪೈ, ಒಳಗಡೆ

ಯೋಚನೆ ಮಾಡಿದ್ರೆ ಹೊರಗೆ ಬಡಿಯೋರು ದಿನಾ ಬಡೀತಾರೆ, ಅದು ಗೊತ್ತಾಗಿ ನಮಗೆ ಆಗ್ಬೇಕಾದ್ದು ಏನೂ ಇಲ್ಲ, ಪೋರ್ಟ್ ಮುಚ್ಚಿದ್ರೆ ಸಾಕು. ನಮಗೆ ಬೇಕಿರೋದು ಯಾರಾದ್ರೂ ಒಳಗೆ ಬಂದಾಗಿದ್ರೆ ಗಂಟೆ ಹೊಡೆಯೋದು. ಒಳಗಿನ ನೆಟ್‌ವರ್ಕಲ್ಲಿ ಯಾರಿಗೂ ಕೆಲಸಕ್ಕೆ ಬೇಡದ ಒಂದು ಡಬ್ಬ ಇಟ್ರೆ ಅದನ್ನ ಮುಟ್ಟೋ ಪ್ರತಿಯೊಂದೂ ಅನುಮಾನದ್ದೇ.

ಪೈನ ಮೊದ್ಲಿಂದ ಫಾರ್ಮ್ಯಾಟ್ ಮಾಡಿ ಓಪನ್‌ಕ್ಯಾನರಿ ಹಾಕ್ದೆ, ಥಿಂಕ್ಸ್ಟ್ ಕಂಪನಿಯವ್ರು ಓಪನ್ ಸೋರ್ಸ್ ಬಿಟ್ಟಿರೋದು. ಇದು ಯಾರನ್ನೂ ಒಳಗ್ ಬಿಡಲ್ಲ, ಬಾಗ್ಲು ತೋರಿಸುತ್ತೆ, ತಟ್ಟಿದ್ರೆ ಮೇಲ್ ಕಳಿಸುತ್ತೆ. ವೆಬ್ ಪೇಜಿಗೆ ನಾಸ್ ಲಾಗಿನ್ ಥರ ಕಾಣೋ ಸ್ಕಿನ್ ಇದೆ, ಅದನ್ನೇ ಇಟ್ಟೆ. ಫೈಲ್ ಕಳಿಸೋ ಎಫ್‌ಟಿಪಿ ಆನ್. ಶೇರ್ ಫೋಲ್ಡರಿಗೆ ಪಕ್ಕದಲ್ಲಿ ಸಾಂಬಾ (ಲಿನಕ್ಸಿಂದ ವಿಂಡೋಸಿಗೆ ಫೋಲ್ಡರ್ ಹಂಚೋ ಪ್ರೋಗ್ರಾಂ) ಬೇಕು, ಅದ್ರ ಆಡಿಟ್ ಲಾಗ್ ಓದ್ಕೊಂಡು ಕ್ಯಾನರಿ ಅಲಾರಂ ಕೊಡುತ್ತೆ, ಇದನ್ನ ಕೂರಿಸೋಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋಯ್ತು. ಪೋರ್ಟ್‌ಸ್ಕ್ಯಾನ್ ಮಾಡ್ಯೂಲ್ ಆನ್ ಮಾಡಿ ಒಂದೇ ದಿನಕ್ಕೆ ಆಫ್ ಮಾಡ್ದೆ, ಪ್ರಿಂಟರಿನ ಸಾಫ್ಟ್‌ವೇರ್ ನೆಟ್‌ವರ್ಕೆಲ್ಲಾ ಹುಡುಕ್ತಾ ಹೋಗಿ ಪದೇಪದೇ ಅಲಾರಂ. ಸುಳ್ಳು ಅಲಾರಂ ಜಾಸ್ತಿಯಾದ್ರೆ ಅಸಲಿ ಅಲಾರಂ ಬಂದಾಗ ಯಾರೂ ಎದ್ದು ನೋಡಲ್ಲ.

ನನಗೆ ಅತಿ ಕಷ್ಟ ಆಗಿದ್ದು ಇದಾದ್ಮೇಲೆ. ಶೇರ್ ಫೋಲ್ಡರಿಗೆ ಕಳ್ಳನಿಗೆ ಆಸೆ ಹುಟ್ಟೋ ಹೆಸರು ಇರ್ಲಿ ಅಂತ ಸಂಬಳ ಬೋನಸ್ ಅಂತ ಇಟ್ಟಿದ್ದೆ. ದೀಪಾವಳಿ ಹತ್ರ, ಬೋನಸ್ ಮಾತು ಓಡಾಡ್ತಿರೋ ಟೈಮು. ತೋಟದಿಂದ ಲೆಕ್ಕ ಕೊಡೋಕೆ ಬಂದ ರೈಟರು ಆಫೀಸ್ ಕಂಪ್ಯೂಟರಲ್ಲಿ ಕೂತಾಗ ಆ ಫೋಲ್ಡರ್ ಕಂಡಿದೆ, ತೆಗೆದಿದ್ದಾರೆ, ಖಾಲಿ ಇತ್ತು, ಪಕ್ಕದ ನಾಸ್ ಪೇಜು ಪಾಸ್‌ವರ್ಡ್ ಕೇಳ್ತು, ತಮಗೆ ಗೊತ್ತಿರೋ ಒಂದೇ ಪಾಸ್‌ವರ್ಡ್ ಹಾಕಿದ್ದಾರೆ. ಮೇಲ್ ನೇರ ಸಾವ್ಕಾರ್ರ ಫೋನಿಗೆ ಹೋಯ್ತು, ಯಾವ ಮೆಷಿನು, ಯಾವ ಯೂಸರು, ಯಾವ ಪಾಸ್‌ವರ್ಡ್ ಎಲ್ಲಾ ಸಮೇತ. ತೋಟದಲ್ಲಿ ಹಂದಿಗೆ ಅಂತ ಹಾಕಿದ ಉರುಲಿಗೆ ಮನೆ ನಾಯಿ ಬಿದ್ದಂಗೆ. ಹುಷಾರಾಗಿ ನೋಡಿದ್ರೆ ಅವ್ರು ಮಾಡಿದ್ದು ಯಾವ ಕಳ್ಳತನಾನೂ ಅಲ್ಲ, ಬೋನಸ್ ಅಂತ ಬರೆದಿಟ್ರೆ ಯಾರ್ ತಾನೇ ತೆಗೆಯಲ್ಲ, ಸಾವ್ಕಾರ್ರೇ ತೆಗೀತಿದ್ರು. ಆದ್ರೆ ಇಪ್ಪತ್ತು ವರ್ಷ ಹಳೇ ಮನುಷ್ಯನ್ನ ಎದುರಿಗೆ ನಿಲ್ಸಿ ಕೇಳಾಗಿತ್ತು, ಆ ಮಾತು ವಾಪಸ್ ತಗೊಳ್ಳೋಕೆ ಆಗಲ್ಲ.

ಹನಿಪಾಟ್ ಬಗ್ಗೆ ಇಂಟರ್‌ನೆಟ್ಟಲ್ಲಿ ಓದಿದ್ರೆ ಬರೀ ತಾಂತ್ರಿಕ ಅಪಾಯ ಬರೀತಾರೆ, ಇದನ್ನ ಬರೆಯೋದು ಕಮ್ಮಿ. ಒಳಗಿನ ಬಲೆಗೆ ಮೊದ್ಲು ಬೀಳೋರು ನಮ್ಮೋರೇ. ಮತ್ತೆ ಬಿದ್ದಾಗ ಅವ್ರ ಅಸಲಿ ಪಾಸ್‌ವರ್ಡ್ ಬಿಚ್ಚಾಗಿ ಲಾಗಿಗೂ ಮೇಲಿಗೂ ಹೋಗುತ್ತೆ, ಜನ ಒಂದೇ ಪಾಸ್‌ವರ್ಡನ್ನ ಬ್ಯಾಂಕಿಗೂ ಇಟ್ಕೊಂಡಿರ್ತಾರೆ.

ಬದಲಾಯಿಸಿದ್ದು: ಫೋಲ್ಡರ್ ಹೆಸರು ಹಳೇ ಟ್ಯಾಲಿ ಬ್ಯಾಕಪ್ ಅಂತಾಯ್ತು, ಸಿಬ್ಬಂದಿಗೆ ಅದ್ರಿಂದ ಏನೂ ಆಗ್ಬೇಕಿಲ್ಲ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ರ್‍ಯಾನ್ಸಮ್‌ವೇರ್ ತಂದೋನಿಗೆ ಮಾತ್ರ ರುಚಿ. ಮೇಲ್ ಕಳಿಸೋದಕ್ಕೆ ಮುಂಚೆ ಪಾಸ್‌ವರ್ಡ್ ಜಾಗದಲ್ಲಿ ಮೊದಲೆರಡು ಅಕ್ಷರ ಬಿಟ್ಟು ಮಿಕ್ಕಿದ್ದಕ್ಕೆ ಚುಕ್ಕಿ ಹಾಕೋ ಸಣ್ಣ ಸ್ಕ್ರಿಪ್ಟ್ ಬರೆದೆ. ಮೇಲ್ ಈಗ ನನಗೆ ಬರುತ್ತೆ, ಸಾವ್ಕಾರ್ರಿಗೆ ಅಲ್ಲ. ಎಲ್ಲರನ್ನೂ ಕೂರಿಸಿ ಹೇಳಿದ್ವಿ, ನೆಟ್‌ವರ್ಕಲ್ಲಿ ಒಂದು ಕಾವಲು ಡಬ್ಬ ಇದೆ, ತಪ್ಪಿ ಮುಟ್ಟಿದ್ರೆ ಫೋನ್ ಮಾಡಿ ಸಾಕು ಅಂತ. ಹೇಳಿದ್ರೆ ಬಲೆ ಹಾಳಾಗುತ್ತೆ ಅನ್ನೋರು ಇದ್ದಾರೆ, ಆಗ್ಲಿ ಬಿಡಿ, ಐದು ಕಂಪ್ಯೂಟರಿನ ಆಫೀಸು ಇದು. ರೈಟರಿಗೆ ಪಾಸ್‌ವರ್ಡ್ ಬದಲಾಯಿಸಿಕೊಟ್ಟೆ, ಬ್ಯಾಂಕಿನದ್ದೂ ಅವ್ರೇ ಕೂತು ಬದಲಾಯಿಸಿದ್ರು.

ಈಗಿನ ಸ್ಥಿತಿ

ಒಟ್ಟು ಖರ್ಚು ಕಾರ್ಡು, ಯುಪಿಎಸ್ಸು, ರೂಟರು, ಸ್ವಿಚ್ಚು ಸೇರಿ 10,400 ಆಸುಪಾಸು, ಸ್ಟ್ಯಾಟಿಕ್ ಐಪಿ ಬಿಟ್ಟು. ಅದ್ರಲ್ಲಿ ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ವಿಲ್ಯಾನು, ಹನಿಪಾಟ್ ಅಲ್ಲ. ಡಿವಿಆರಿನ ಪೋರ್ಟ್ ಫಾರ್ವರ್ಡ್ ಕಿತ್ತಾಕಿ ಸಾವ್ಕಾರ್ರ ಫೋನಿಗೆ ಆಫೀಸ್ ನೆಟ್‌ವರ್ಕಿಗೆ ಭದ್ರವಾದ ದಾರಿ ಮಾಡೋ ವೈರ್‌ಗಾರ್ಡ್ ಹಾಕಿದ್ದೀನಿ, ಗೋಡೌನ್ ಅದ್ರಲ್ಲೇ ನೋಡ್ತಾರೆ, ತೋಟದಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದಾಗ ಕನೆಕ್ಟ್ ಆಗಕ್ಕೆ ಸ್ವಲ್ಪ ಒದ್ದಾಡುತ್ತೆ. ಬಾಕಿ ಇರೋದು ಮೂರು: ಡಿವಿಆರ್ ಫರ್ಮ್‌ವೇರ್ ಅಪ್‌ಡೇಟ್, ಕಂಪನಿ ಸೈಟಲ್ಲಿ ಆ ಮಾಡೆಲ್ಲೇ ಕಾಣ್ತಿಲ್ಲ; ಕ್ಯಾನರಿ ಬದುಕಿದೆಯಾ ಅಂತ ದಿನಕ್ಕೊಂದ್ಸಲ ಅದೇ ಹೇಳೋ ಹಾಗೆ ಮಾಡೋದು, ಇಲ್ಲಾಂದ್ರೆ ಸತ್ತಿದ್ರೂ ಎಲ್ಲಾ ಶಾಂತವಾಗಿದೆ ಅನ್ಕೊಂಡಿರ್ತೀವಿ; ಮತ್ತೆ ಸಿಡಿಲಿಂದ ಕಾಪಾಡೋಕೆ ಈಥರ್ನೆಟ್ ಲೈನಿಗೆ ಸರ್ಜ್ ಪ್ರೊಟೆಕ್ಟರ್, ಏಪ್ರಿಲ್ ಬರೋದ್ರೊಳಗೆ.